ಲೆಫ್ಟ್ ಕ್ವಾರ್ಟರ್ಸ್

ಆ ಫೋನು ಬಂದದ್ದು ಬುಧವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ. ಮುರುಗೇಶಪ್ಪನವರು ಆಗ ಸ್ಟೋರಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಿದ್ದರು. ಮಾಚೇನಹಳ್ಳಿಯ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಅವರು ಸ್ಟೋರ್‌ಕೀಪರು. ಸ್ಟೋರಿನ ಗೋಡೆಯಾಚೆಗೇ ಗ್ರೈಂಡಿಂಗ್ ಮೆಷಿನ್ನು. ಅದು ಓಡುವಾಗ ಮೂರು ಮಾತಿನಲ್ಲಿ ಒಂದು ಕಿವಿಗೆ ಬೀಳುತ್ತದೆ. ಉಳಿದೆರಡನ್ನು ಕೇಳುವವನೇ ತುಂಬಿಕೊಳ್ಳಬೇಕು. ಇಪ್ಪತ್ತೆರಡು ವರ್ಷಗಳಿಂದ ಮುರುಗೇಶಪ್ಪನವರು ಹೀಗೆ ತುಂಬಿಕೊಂಡೇ ನೌಕರಿ ಮಾಡಿದವರು. ಒಮ್ಮೆ ಸೂಪರ್‌ವೈಸರು ಗ್ಲೌಸು ಕೇಳಿದ್ದಕ್ಕೆ ಇವರು ಎರಡು ಡಜನ್ ಗ್ಲಾಸು ಕಳಿಸಿದ್ದರಿಂದ, ಕೆಲಸಗಾರರೆಲ್ಲ ಇವತ್ತು ಟೀ ಬೇಗ ಬರುತ್ತದೆಂದು ಕೈ ತೊಳೆದು ಕೂತುಬಿಟ್ಟಿದ್ದರು.

ಫೋನಿನಲ್ಲಿ ಒಂದು ಹೆಣ್ಣು ದನಿ. "ಅಕ್ಷರಾ" ಎಂಬ ಹೆಸರು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅಕ್ಷರಾ ಅವರ ಒಬ್ಬಳೇ ಮಗಳು. ಶಿವಮೊಗ್ಗದ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತ ಹಾಸ್ಟೆಲಿನಲ್ಲಿದ್ದಳು. ಆ ಹೆಸರಿನ ಬೆನ್ನಿಗೇ "ಲೆಫ್ಟ್", ಆಮೇಲೆ "ಕ್ವಾರ್ಟರ್", ಆಮೇಲೆ "ಬ್ಯಾಕ್", ಕೊನೆಗೆ "ಕನ್ಫರ್ಮ್ ಆಗಿದೆ ಸಾರ್".

ಮುರುಗೇಶಪ್ಪನವರ ಕೈಯಲ್ಲಿದ್ದ ಗೋಂದಿನ ಡಬ್ಬಿ ಮೇಜಿನ ಮೇಲೆ ಮಗುಚಿಕೊಂಡಿತು.

"ಲೆಫ್ಟ್ ಮಾತ್ರಾನಾ ಮೇಡಂ? ರೈಟಿನವರು?" ಎಂದು ಅವರು ಒಂದು ಕಿವಿ ಮುಚ್ಚಿಕೊಂಡು ಕೇಳಿದರು.

"ರೈಟಿನವರು ಬೇಕಾದಷ್ಟು ಇದ್ದಾರೆ ಸಾರ್. ನಮಗೆ ಬೇಡ. ಲೆಫ್ಟ್ ಸಿಗೋದೇ ಅಪರೂಪ. ಶನಿವಾರ ಹತ್ತು ಗಂಟೆಗೆ ಕಾಲೇಜಿಗೆ ಬಂದು ಸೈನ್ ಮಾಡಿ."

ಆಗಲಿ ಮೇಡಂ ಎಂದು ಮುರುಗೇಶಪ್ಪನವರು ಒಪ್ಪಿದರು. ಮಾತು ಇಷ್ಟೇ. ಆದರೆ ಇದನ್ನು ಕೇಳಿ ಮುರುಗೇಶಪ್ಪನವರ ಕಣ್ಣು ಯಾಕೆ ಒದ್ದೆಯಾಯಿತು ಎಂದು ತಿಳಿಯಬೇಕಾದರೆ ಭದ್ರಾವತಿಯ ಅವರ ಮನೆಯ ಸಂಗತಿ ಹೇಳಬೇಕು. ಅದು ಹಳೆಯ ಕಾರ್ಖಾನೆಯೊಂದು ತನ್ನ ಕೆಲಸಗಾರರಿಗೆ ಕಟ್ಟಿಸಿದ ಕ್ವಾರ್ಟರ್ಸು. ಅವರ ತಂದೆಯ ಕಾಲದಿಂದ ಅದೇ ಮನೆ. ಹದಿನಾಲ್ಕನೇ ಲೈನು ಎಂದರೆ ಒಂದು ಸಣ್ಣ ರಸ್ತೆ, ಆಚೆ ಎಂಟು ಮನೆ, ಈಚೆ ಎಂಟು ಮನೆ. ಮೂರು ವರ್ಷದ ಹಿಂದೆ ಹದಿನಾರೂ ಮನೆಗೆ ಖಾಲಿ ಮಾಡಿ ಎಂಬ ನೋಟೀಸು ಬಂದಿತ್ತು. ಅಂದಿನಿಂದ ಆ ಲೈನಿನಲ್ಲಿ ಯಾರೂ ಹೊಸ ಗಿಡ ನೆಟ್ಟಿರಲಿಲ್ಲ. ಮನೆಗಳನ್ನು ವಾಪಸು ನಮಗೇ ಬಿಡಿ ಎಂದು ಎಸ್ಟೇಟ್ ಆಫೀಸಿಗೆ ಅರ್ಜಿ ಮೇಲೆ ಅರ್ಜಿ ಹೋಗುತ್ತಲೇ ಇದ್ದವು. ಕೊನೆಯ ಅರ್ಜಿಯನ್ನು ಹೋದ ತಿಂಗಳು ಇಂಗ್ಲಿಷಿನಲ್ಲಿ ಬರೆದುಕೊಟ್ಟವಳು ಅಕ್ಷರಾ. ಹಾಗಾಗಿ ಅವಳ ಹೆಸರು, ಕ್ವಾರ್ಟರ್ಸು, ಬ್ಯಾಕು, ಕನ್ಫರ್ಮು, ಸೈನು ಇವೆಲ್ಲ ಒಂದೇ ಉಸಿರಿನಲ್ಲಿ ಬಂದಾಗ ಮುರುಗೇಶಪ್ಪನವರಿಗೆ ತುಂಬಿಕೊಳ್ಳುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ಮಗಳಿಗೆ ಫೋನು ಮಾಡಿದರು. ಸ್ವಿಚ್ ಆಫ್. ಅವಳಿಗೆ ಆ ವಾರವೆಲ್ಲ ಆಟದ ಕ್ಯಾಂಪು, ಫೋನುಗಳನ್ನು ಟೀಚರು ತೆಗೆದಿಟ್ಟುಕೊಳ್ಳುತ್ತಾರೆ ಎಂದು ಭಾನುವಾರವೇ ಹೇಳಿದ್ದಳು. ಯಾವ ಆಟ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡುತ್ತಿದ್ದಳು, ಈಗಲೂ ಅದೇ ಇರಬೇಕೆಂದುಕೊಂಡಿದ್ದರು.

ಸಂಜೆ ಬಸ್ಸಿಳಿದ ಮುರುಗೇಶಪ್ಪನವರು ತಮ್ಮ ಮನೆಗೂ ಹೋಗದೆ ನೇರ ಎದುರು ಮನೆಯ ಜನಾರ್ದನ ರಾಯರ ಬಾಗಿಲಿಗೆ ಹೋದರು. ರಾಯರು ನಿವೃತ್ತ ಹೆಡ್ ಗುಮಾಸ್ತರು, ಲೈನಿನ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ. ಸುದ್ದಿಯನ್ನು ಎರಡು ಸಲ ಹೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು. ಸಹಿಯನ್ನು ಕಾಲೇಜಿನಲ್ಲಿ ಯಾಕೆ ಹಾಕಿಸುತ್ತಾರೆ ಎಂಬ ಅನುಮಾನ ಮುರುಗೇಶಪ್ಪನವರಿಗೇ ಇತ್ತು. ರಾಯರು ಅದನ್ನು ಒಂದೇ ಮಾತಿನಲ್ಲಿ ಪರಿಹರಿಸಿದರು: ಚುನಾವಣೆಯ ಮತ ಎಣಿಕೆ ಎಲ್ಲಿ ನಡೆಯುತ್ತದೆ? ಕಾಲೇಜಿನಲ್ಲಿ. ಸರಕಾರಿ ಪರೀಕ್ಷೆ ಎಲ್ಲಿ ನಡೆಯುತ್ತದೆ? ಕಾಲೇಜಿನಲ್ಲಿ. ದೊಡ್ಡ ಕೆಲಸಗಳೆಲ್ಲ ನಡೆಯುವುದು ಅಲ್ಲೇ. ಹಾಗಾದರೆ ಆ ನಂಬರಿಗೆ ಇನ್ನೊಂದು ಸಲ ಫೋನು ಮಾಡಿ ಕೇಳಲೇ ಎಂದರೆ, ರಾಯರು ಅವರ ಕೈ ಹಿಡಿದರು. ಆಫೀಸರುಗಳನ್ನು ಎರಡು ಸಲ ಕೇಳಬಾರದು, ಎರಡನೇ ಸಲಕ್ಕೆ ಅವರು ಮನಸ್ಸು ಬದಲಾಯಿಸುತ್ತಾರೆ ಎಂಬುದು ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಅವರು ಕಂಡುಕೊಂಡ ಸತ್ಯ.

ಮುರುಗೇಶಪ್ಪನವರ ಹೆಂಡತಿ ವಿಮಲಾ ಮಾತ್ರ, "ಫೋನ್ ಮಾಡಿದ್ದು ಯಾರಂತೆ?" ಎಂದು ಕೇಳಿದರು. ಅದು ಆ ಇಡೀ ವಾರದಲ್ಲಿ ಆ ಲೈನಿನಲ್ಲಿ ಯಾರಾದರೂ ಕೇಳಿದ ಏಕೈಕ ಬುದ್ಧಿವಂತ ಪ್ರಶ್ನೆ. ಯಾರೂ ಉತ್ತರ ಕೊಡಲಿಲ್ಲ.

ಏಕೆಂದರೆ ಅಷ್ಟರಲ್ಲಿ ಎಲ್ಲರ ಗಮನ 'ಲೆಫ್ಟ್' ಎಂಬ ಮಾತಿನ ಮೇಲೆ ಬಿದ್ದಿತ್ತು. ಎಡಸಾಲಿನ ಎಂಟು ಮನೆ ಮಾತ್ರ ವಾಪಸು. ಬಲಸಾಲು ಬೇಡ ಎಂದಿದ್ದಾರೆ. ಸರಿ, ಎಡಸಾಲು ಯಾವುದು? ನೀರಿನ ಟ್ಯಾಂಕಿನ ಕಡೆಯಿಂದ ಬಂದರೆ ಮುರುಗೇಶಪ್ಪನವರ ಸಾಲು ಎಡಕ್ಕೆ. ಶಾಲೆಯ ಕಡೆಯಿಂದ ಬಂದರೆ ಅದೇ ಸಾಲು ಬಲಕ್ಕೆ, ರಾಯರ ಸಾಲು ಎಡಕ್ಕೆ. ಗುರುವಾರ ಬೆಳಿಗ್ಗೆಯೇ ಇದು ಕಾವೇರಿತು. ರಾಯರ ಪಕ್ಕದ ಮನೆಯ, ತಮಿಳು ಮನೆಮಾತಿನ ಸೆಲ್ವಿಯಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತಿಯಾದವರು. ಪೋಸ್ಟ್‌ಮನ್ ಯಾವತ್ತೂ ಶಾಲೆ ಕಡೆಯಿಂದಲೇ ಬರೋದು, ಆದ್ದರಿಂದ ನಮ್ಮದೇ ಎಡ ಎಂದು ವಾದಿಸಿದರು. ಟ್ಯಾಂಕ್ ಪಕ್ಷದವರು ಗ್ಯಾಸ್ ಸಿಲಿಂಡರಿನ ಗಾಡಿ ಬರುವ ದಿಕ್ಕನ್ನು ಸಾಕ್ಷಿಗೆ ತಂದರು. ಮನೆ ನಂಬರು ನೋಡೋಣವೆಂದರೆ ಅವು ಆಚೆಗೊಂದು ಈಚೆಗೊಂದು ಹೊಲಿಗೆ ಹಾಕಿದ ಹಾಗೆ ಇದ್ದವು.

ಕೊನೆಗೆ ಫೋನು ಕೇಳಿದವರೇ ಹೇಳಲಿ ಎಂದು ಮುರುಗೇಶಪ್ಪನವರನ್ನು ರಸ್ತೆಯ ನಡುವೆ ನಿಲ್ಲಿಸಿದರು. ಇದು ದೊಡ್ಡ ಅನ್ಯಾಯ. ಎಡ ಬಲದ ವಿಷಯದಲ್ಲಿ ಆ ಮನುಷ್ಯನಷ್ಟು ಗೊಂದಲದ ಪ್ರಾಣಿ ಭದ್ರಾವತಿಯಲ್ಲೇ ಇರಲಿಲ್ಲ. ಆಟೋದವನಿಗೆ ಎಡಕ್ಕೆ ಹೋಗು ಎನ್ನುತ್ತ ಬಲಕ್ಕೆ ಕೈ ತೋರಿಸುವರು. ಆಟೋದವನು ಬಾಯಿಯನ್ನು ನಂಬಿದರೆ ಕೈಯೂ, ಕೈಯನ್ನು ನಂಬಿದರೆ ಬಾಯಿಯೂ ನಿಜವಾಗಿರುತ್ತಿತ್ತು. ಅವರು ಟ್ಯಾಂಕಿನ ಕಡೆ ಮುಖ ಮಾಡಿದರು, ಶಾಲೆಯ ಕಡೆ ಮುಖ ಮಾಡಿದರು, ಮತ್ತೆ ತಿರುಗಿದರು. ತಿರುಗುತ್ತ ತಿರುಗುತ್ತ ತಲೆಸುತ್ತಿ ಸೆಲ್ವಿಯಮ್ಮನ ಜಗಲಿಯ ಮೇಲೆ ಕೂತುಬಿಟ್ಟರು.

ಅಂದು ಮಧ್ಯಾಹ್ನದಿಂದ ರಸ್ತೆ ದಾಟಿ ಕರಿಬೇವು ಹೋಗುವುದು ನಿಂತಿತು. ಮುರುಗೇಶಪ್ಪನವರೂ ರಾಯರೂ ದಿನಾ ಸಂಜೆ ಒಂದೇ ಪೇಪರನ್ನು ಹರಿದು ಹಂಚಿಕೊಂಡು ಓದುವವರು. ಅಂದು ರಾಯರು ಇಡೀ ಪೇಪರನ್ನು ಒಬ್ಬರೇ ಓದಿದರು. ಓದಿ ಮುಗಿಸಿ ಎದುರು ಜಗಲಿ ನೋಡಿದರು. ಅಲ್ಲಿ ಮುರುಗೇಶಪ್ಪನವರು ಏನೂ ಓದದೆ ಕೂತಿದ್ದರು.

ಶುಕ್ರವಾರ ಎರಡೂ ಪಕ್ಷದವರು ಬೇರೆ ಬೇರೆಯಾಗಿ ಎಸ್ಟೇಟ್ ಆಫೀಸಿಗೆ ಹೋಗಿ ಬಾಗಿಲಲ್ಲಿ ಒಟ್ಟಾದರು. ಅಲ್ಲಿನ ಅಧಿಕಾರಿ ಉಮಾಮಹೇಶ್ವರಿ ತಾಳ್ಮೆಯ ಹೆಂಗಸು. ಅಂಥ ಯಾವ ಆದೇಶವೂ ತಮಗೆ ಬಂದಿಲ್ಲವೆಂದು ಕಡತ ತೆರೆದು ತೋರಿಸಿದರು. ಎಲ್ಲರ ಮುಖ ಬಾಡಿದ್ದು ನೋಡಿ ಪಾಪ ಅನಿಸಿರಬೇಕು. ಮೇಲಿನಿಂದ ಏನಾದರೂ ಆಗಿದ್ದರೆ ತಮಗೆ ಕೊನೆಗೇ ಗೊತ್ತಾಗುವುದು ಎಂದೊಂದು ಸಮಾಧಾನದ ಮಾತು ಸೇರಿಸಿದರು. ಸಮಾಧಾನದ ಮಾತನ್ನು ಆಡಬಾರದಿತ್ತು. ಹೊರಗೆ ಬಂದ ರಾಯರು, ಮೇಲಿನಿಂದ ಆಗಿದೆ ಎಂದು ಮೇಡಂ ಬಾಯಿಬಿಟ್ಟು ಹೇಳಿದ ಹಾಗೇ ಆಯಿತು ಎಂದು ತೀರ್ಪು ಕೊಟ್ಟರು.

ಅಂದು ಊಟಕ್ಕೆ ಕೂತಾಗ ಮುರುಗೇಶಪ್ಪನವರು ಹೆಂಡತಿಗೂ ತಾಯಿ ವೀರಮ್ಮನಿಗೂ ಒಂದು ಮಾತು ಹೇಳಿದರು. ಯಾವ ಸಾಲು ಎಡವಾದರೂ ಸರಿ, ಒಂದು ಸಾಲಿಗೆ ಮಾತ್ರ ಎಂದರೆ ನಾನು ಸೈನ್ ಹಾಕುವುದಿಲ್ಲ. ಎರಡೂ ಸಾಲಿಗೆ ಕೊಟ್ಟರೆ ಹಾಕುತ್ತೇನೆ. ವಿಮಲಾ ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಶನಿವಾರ ಬೆಳಿಗ್ಗೆ ಹದಿನಾರು ಮನೆಯಿಂದ ಇಪ್ಪತ್ತಮೂರು ಜನ ಶಿವಮೊಗ್ಗದ ಬಸ್ಸು ಹತ್ತಿದರು. ಎಂಬತ್ತರ ವೀರಮ್ಮನೂ ಹೊರಟಿದ್ದರು. ಸೆಲ್ವಿಯಮ್ಮ ಡಬ್ಬಿ ತುಂಬ ಕೇಸರಿಬಾತ್ ಮಾಡಿ ತಂದಿದ್ದರು. ಯಾರ ಸಾಲಿಗೆ ಸಿಕ್ಕರೂ ಸಿಹಿ ಸಿಹಿಯೇ ಎಂದು ವಿಮಲಾ ಹತ್ತಿರ ಸಣ್ಣ ದನಿಯಲ್ಲಿ ಹೇಳಿದರಂತೆ. ಬಸ್ಸಿನಲ್ಲಿ ಎಲ್ಲರೂ ಎಡಗಡೆಯ ಸೀಟುಗಳಿಗೇ ನುಗ್ಗಿದರು. ಬಲಗಡೆ ಕೂತರೆ ಒಪ್ಪಿಕೊಂಡಂತಾಗುತ್ತದೆ ಎಂಬ ಭಯ. ಅರ್ಧ ಬಸ್ಸು ಖಾಲಿ ಇದ್ದರೂ ಒಂದೇ ಬದಿಗೆ ಜನ ಒತ್ತಿ ನಿಂತಿದ್ದನ್ನು ಕಂಡ ಕಂಡಕ್ಟರು, ಆಚೆಯ ಸೀಟೇನಾದರೂ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿದ.

ಕಾಲೇಜಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಹೊಂಗೆ ಮರದ ಕೆಳಗೆ ಒಂದು ಮೇಜು, ಮೇಜಿನ ಮೇಲೆ ಕಾಗದಗಳ ಕಟ್ಟು, ಹಿಂದೆ ಕೊರಳಿಗೆ ಸೀಟಿ ಹಾಕಿಕೊಂಡ ಒಬ್ಬ ಹೆಂಗಸು. ಅವರು ಕಾಲೇಜಿನ ವ್ಯಾಯಾಮ ಶಿಕ್ಷಕಿ ಸುಶ್ಮಿತಾ. ಬುಧವಾರದ ಫೋನು ಅವರದೇ. ಅಧಿಕಾರಿಯೊಬ್ಬರು ಸೀಟಿ ಹಾಕಿಕೊಂಡದ್ದು ರಾಯರಿಗೆ ವಿಚಿತ್ರವೆನಿಸಿದರೂ, ಕಾಗದದ ಕಟ್ಟು ನೋಡಿ ಧೈರ್ಯ ಬಂತು.

"ಅಕ್ಷರಾ ತಂದೆ ಅಲ್ವಾ? ಬನ್ನಿ ಸಾರ್. ಇಲ್ಲೊಂದು ಸೈನ್ ಮಾಡಿಬಿಡಿ," ಎಂದು ಸುಶ್ಮಿತಾ ಪೆನ್ನು ಚಾಚಿದರು.

ಮುರುಗೇಶಪ್ಪನವರು ಪೆನ್ನು ಮುಟ್ಟಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದನ್ನು ಕೈಕಟ್ಟಿ ನಿಂತು ಒಪ್ಪಿಸಿದರು.

"ಮೇಡಂ, ಲೆಫ್ಟಿಗೆ ಮಾತ್ರ ಆದ್ರೆ ನಾನು ಸೈನ್ ಹಾಕೋದಿಲ್ಲ."

ಸುಶ್ಮಿತಾ ಅವರ ಮುಖ ಬಿಗಿಯಾಯಿತು. "ಫೋನಲ್ಲಿ ಒಪ್ಪಿದ್ರಲ್ಲ ಸಾರ್?"

"ಒಪ್ಪಿದ್ದು ತಪ್ಪಾಯ್ತು. ರೈಟೂ ಆಗ್ಬೇಕು, ಇಲ್ಲಾಂದ್ರೆ ಲೆಫ್ಟೂ ಬೇಡ. ನಾವು ನಾಲ್ಕು ಜನರ ಮಧ್ಯೆ ಬಾಳೋರು. ನಾಳೆ ಅವರಿಗೆ ಮುಖ ತೋರಿಸೋದು ಹೇಗೆ?"

"ಸಾರ್, ಈ ಕಾಲದಲ್ಲೂ ನೀವು ಹೀಗೆ ಯೋಚನೆ ಮಾಡಿದ್ರೆ ಏನು ಹೇಳೋದು?" ಎಂದರು ಸುಶ್ಮಿತಾ. ಮುರುಗೇಶಪ್ಪನವರು, ಯಾವ ಕಾಲವಾದರೂ ನ್ಯಾಯ ನ್ಯಾಯವೇ ಎಂದರು. ಹಿಂದೆ ನಿಂತಿದ್ದ ರಾಯರು, ತಮ್ಮ ಸಾಲಿನ ಪರವಾಗಿ ಈ ಮನುಷ್ಯ ನಿಂತದ್ದನ್ನು ನಂಬಲಾಗದೆ ಕನ್ನಡಕ ತೆಗೆದರು.

ಆಗ ಪಕ್ಕದಿಂದ ಒಂದು ದನಿ ಬಂತು. ಸೊಂಟಕ್ಕೆ ಎರಡು ಕೆಂಪು ಪಟ್ಟಿ ಕಟ್ಟಿಕೊಂಡು, ಎರಡೂ ತುದಿ ಚೂಪಾದ ಒಂದು ಕಂದು ಚೆಂಡನ್ನು ಎದೆಗೆ ಅವುಚಿಕೊಂಡು ಅಕ್ಷರಾ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿದಳೋ.

"ಅಪ್ಪ, ಬಲಗೈಯಲ್ಲೂ ಎಸೆದು ನೋಡಿದ್ದೀನಿ. ಬರೋದಿಲ್ಲ," ಎಂದಳು. ಚೆಂಡನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು.

ಮುರುಗೇಶಪ್ಪನವರು ತಬ್ಬಿಬ್ಬಾದರು. "ನಿನ್ನ ಕೈ ಸುದ್ದಿ ಯಾಕೆ ಬಂತು ಪುಟ್ಟಿ? ನಾನು ಕ್ವಾರ್ಟರ್ಸ್ ಮಾತಾಡ್ತಿದ್ದೀನಿ."

"ನಾನೂ ಅದನ್ನೇ ಮಾತಾಡ್ತಿರೋದು."

ಗಂಟು ಬಿಡಿಸಲು ರಾಯರೇ ಮುಂದೆ ಬಂದರು. ಮೇಜಿನ ಮೇಲಿನ ಕಾಗದ ಎತ್ತಿಕೊಂಡು ಹೆಡ್ ಗುಮಾಸ್ತರ ಗಟ್ಟಿ ದನಿಯಲ್ಲಿ ಓದಿದರು. ಪೋಷಕರ ಒಪ್ಪಿಗೆ ಪತ್ರ. ಆಟ: ಫ್ಲ್ಯಾಗ್ ಫುಟ್‌ಬಾಲ್. ಸ್ಥಾನ: ಕ್ವಾರ್ಟರ್‌ಬ್ಯಾಕ್. ಎಸೆಯುವ ಕೈ: ಎಡ. ಕೊನೆಗೆ ಬರುವಾಗ ಅವರ ದನಿ ತಗ್ಗಿತ್ತು. ಓದಿ ಮುಗಿಸಿ ಕಾಗದದ ಹಿಂಭಾಗವನ್ನೂ ತಿರುಗಿಸಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

ಸೆಲ್ವಿಯಮ್ಮ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿ ಭದ್ರ ಮಾಡಿದರು. ಮುರುಗೇಶಪ್ಪನವರಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. ಹೊಂಗೆ ಮರದ ಬುಡವನ್ನು ಬಹಳ ಹೊತ್ತು ಪರೀಕ್ಷಿಸಿದರು.

ಮೊದಲು ಮಾತಾಡಿದವರು ರಾಯರೇ. ಕಾಗದವನ್ನು ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟು, ಇದೇನು ಆಟ ಹೇಳಮ್ಮ ಎಂದು ಅಕ್ಷರಾಳನ್ನು ಕೇಳಿದರು. ಅವಳು ಮೂಗೊರೆಸಿಕೊಂಡು ಹೇಳಿದಳು. ಮೂಲದಲ್ಲಿ ಅಮೆರಿಕದವರ ಆಟ, ಅಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕೆಡವುತ್ತಾರೆ. ಇಲ್ಲಿ ಕೆಡವುವಂತಿಲ್ಲ, ಸೊಂಟದ ಪಟ್ಟಿ ಕಿತ್ತರೆ ಸಾಕು. ಚೆಂಡು ಹಿಡಿದುಕೊಂಡು ಆಚೆ ತುದಿಯ ಗೆರೆ ದಾಟಿದರೆ ಆರು ಅಂಕ. ತಂಡಕ್ಕೆಲ್ಲ ಯಾರು ಎತ್ತ ಓಡಬೇಕೆಂದು ಹೇಳಿ ಚೆಂಡೆಸೆಯುವವರೇ ಕ್ವಾರ್ಟರ್‌ಬ್ಯಾಕ್. ಅಮೆರಿಕದ ದೊಡ್ಡ ಲೀಗಿನಲ್ಲಿ ಮೂವತ್ತೆರಡು ತಂಡಗಳಿವೆ. ಅದರಲ್ಲಿ ಎಡಗೈಯವರು ಸಿಕ್ಕರೆ ಒಬ್ಬರೋ ಇಬ್ಬರೋ, ಕೆಲವು ವರ್ಷ ಆಡಿದವರೇ ಇಲ್ಲ.

"ಯಾಕಂತೆ?" ಎಂದರು ರಾಯರು.

"ಎಡಗೈಯಲ್ಲಿ ಎಸೆದ್ರೆ ಚೆಂಡು ಉಲ್ಟಾ ತಿರುಗ್ತಾ ಹೋಗುತ್ತೆ ಅಂಕಲ್. ಹಿಡಿಯೋರಿಗೆ ಅಭ್ಯಾಸ ಇರಲ್ಲ. ಅದಕ್ಕೆ ಚಿಕ್ಕವರಿದ್ದಾಗಲೇ ಬಿಡಿಸಿ ಬೇರೆ ಜಾಗಕ್ಕೆ ಹಾಕಿಬಿಡ್ತಾರಂತೆ."

"ಬಿಡಿಸಬಾರದು," ಎಂದರು ವೀರಮ್ಮ.

ಅವರು ಇಷ್ಟು ಹೊತ್ತು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮಗನ ಕಡೆ ಬೆರಳು ತೋರಿಸಿದರು. "ಇವನದ್ದೂ ಎಡಗೈನೇ. ಮೇಷ್ಟ್ರು ಹೇಳಿದ್ರು ಅಂತ ನಾನೇ ಹಳೇ ಸೀರೆ ತುಂಡಲ್ಲಿ ಕೈ ಕಟ್ಟಿ ಬಿಡಿಸಿದೆ. ಕೈ ಬದಲಾಯ್ತು, ಆವತ್ತಿಂದ ಇವನಿಗೆ ದಿಕ್ಕು ತಿಳಿಯಲ್ಲ. ದಿನಾ ಬೆಳಿಗ್ಗೆ ಲಿಂಗವನ್ನ ಎಡಗೈ ಮೇಲೆ ಇಟ್ಕೊಂಡು ಪೂಜೆ ಮಾಡೋಳು ನಾನು. ಅದೇ ಕೈನ ಕೆಟ್ಟದ್ದು ಅಂದೆನಲ್ಲ. ಸೈನ್ ಹಾಕೋ."

ವಿಮಲಾಗೆ ಒಂದು ಹಳೆಯ ಸಂಗತಿ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಕ್ಷರಾ ಒಂದನೇ ಕ್ಲಾಸಿನಲ್ಲಿದ್ದಾಗ, ಮಗುವಿಗೆ ಯಾವ ಕೈಯಲ್ಲಿ ಬರೆಸಲಿ ಎಂದು ಟೀಚರು ಕೇಳಿಕಳಿಸಿದ್ದರು. ಮುರುಗೇಶಪ್ಪನವರು ಶಾಲೆಗೆ ಹೋಗಿ, ಬಲಗೈಯಲ್ಲೇ ಬರೆಸಿ ಮೇಡಂ ಎಂದು ಮಗಳ ಎಡಗೈಯನ್ನು ಎತ್ತಿ ತೋರಿಸಿ ಬಂದಿದ್ದರು. ಟೀಚರು ಕಣ್ಣಿಗೆ ಕಂಡದ್ದನ್ನು ನಂಬಿದರು. ಅದು ಎಂದಿನ ಗೊಂದಲವೋ, ಬೇಕೆಂದೇ ಮಾಡಿದ್ದೋ, ಹದಿಮೂರು ವರ್ಷವಾದರೂ ಗಂಡ ಬಾಯಿಬಿಟ್ಟಿರಲಿಲ್ಲ.

ಮುರುಗೇಶಪ್ಪನವರು ಸಹಿ ಹಾಕಿದರು. ಪೋಷಕರ ಜಾಗದಲ್ಲಿ ಹಾಕುವುದನ್ನು ಆಟಗಾರ್ತಿಯ ಜಾಗದಲ್ಲಿ ಹಾಕಿದ್ದರಿಂದ ಸುಶ್ಮಿತಾ ಹೊಸ ಕಾಗದ ಕೊಡಬೇಕಾಯಿತು.

ಇನ್ನೇನು ಮಾಡುವುದು, ಇಷ್ಟು ದೂರ ಬಂದಾಗಿದೆ ಎಂದು ಎಲ್ಲರೂ ಗೆರೆಯ ಹೊರಗೆ ಸಾಲಾಗಿ ಕೂತರು. ದಾವಣಗೆರೆಯ ಒಂದು ಕಾಲೇಜಿನ ತಂಡದ ಜೊತೆ ಪಂದ್ಯ. ಆ ತಂಡದ ಪರವಾಗಿ ಕೂಗಲು ಬಂದವರು ನಾಲ್ಕು ಜನ, ಅಕ್ಷರಾಳಿಗೆ ಇಪ್ಪತ್ತಮೂರು. ಚೆಂಡು ಯಾರದೇ ಆಗಲಿ, ಗಾಳಿಗೆ ಏರಿದರೆ ಸಾಕು, ಹದಿನಾಲ್ಕನೇ ಲೈನು ಚಪ್ಪಾಳೆ ತಟ್ಟಿತು. ಎದುರು ತಂಡದವಳೊಬ್ಬಳು ಅಕ್ಷರಾಳ ಸೊಂಟದ ಪಟ್ಟಿ ಕಿತ್ತಾಗ ರಾಯರು ಎದ್ದು ಹೋಗಿ, ಹೆಣ್ಣುಮಗಳ ಬಟ್ಟೆಗೆ ಕೈ ಹಾಕುವುದು ಯಾವ ನಿಯಮವೆಂದು ರೆಫರಿಯ ಹತ್ತಿರ ಲಿಖಿತ ವಿವರಣೆ ಕೇಳಿದರು. ಅವರನ್ನು ಕರೆತಂದು ಕೂರಿಸುವುದಕ್ಕೆ ಇಬ್ಬರು ಬೇಕಾದರು.

ಅಕ್ಷರಾಳ ಎಸೆತಗಳು ಚೆಂದವಾಗಿ ಹೋಗುತ್ತಿದ್ದವು. ಹಿಡಿಯುವವಳು ರಶ್ಮಿ ಎಂಬ ಸಾಗರದ ಹುಡುಗಿ. ಚೆಂಡು ಅವಳ ಬೆರಳಿಗೆ ಬಂದು, ಹಿಡಿತಕ್ಕೆ ಸಿಗದೆ ತಿರುಗಿ ಜಾರುತ್ತಿತ್ತು. ಒಂದು, ಎರಡು, ಐದು. ಪ್ರತಿ ಸಲವೂ ಅಕ್ಷರಾ ಅವಳ ಹತ್ತಿರ ಓಡಿಹೋಗಿ ಬೆನ್ನು ತಟ್ಟಿ ಬರುತ್ತಿದ್ದಳು. ಮುರುಗೇಶಪ್ಪನವರು ತಾವು ಕೂತಲ್ಲೇ ಎರಡೂ ಕೈ ಮುಂದೆ ಚಾಚಿ, ಚೆಂಡು ಹಿಡಿದ ಹಾಗೆ ಎದೆಗೆ ಒತ್ತಿಕೊಳ್ಳುತ್ತಿದ್ದರು.

ಆಟ ಮುಗಿಯಲು ಎರಡು ನಿಮಿಷ ಇರುವಾಗ ಅಕ್ಷರಾ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಎಡಗೈಯನ್ನು ಕಿವಿಯ ಹಿಂದಕ್ಕೆ ಎಳೆದು, ಮೈಯನ್ನೆಲ್ಲ ಹಾಕಿ ಎಸೆದಳು. ಸೆಲ್ವಿಯಮ್ಮ ಎದ್ದು ನಿಂತು "ಓಡು, ಓಡು" ಎಂದರು. ಆ ಒಂದು ಮಾತಿಗೆ ತಮಿಳೂ ಕನ್ನಡವೂ ಒಂದೇ. ಚೆಂಡು ರಶ್ಮಿಯ ಕೈಗೆ ಬಂತು, ತಿರುಗಿತು, ಈ ಸಲ ನಿಂತಿತು. ಅವಳು ಗೆರೆ ದಾಟಿದಳು.

ಆಮೇಲೆ ನಡೆದದ್ದನ್ನು ತಡೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಇಪ್ಪತ್ತಮೂರು ಜನ ಮೈದಾನಕ್ಕೆ ನುಗ್ಗಿದರು. ರಾಯರು ಮುರುಗೇಶಪ್ಪನವರನ್ನು ತಬ್ಬಿಕೊಂಡರು. ಡಬ್ಬಿಯ ಮುಚ್ಚಳ ತೆಗೆದು ಸೆಲ್ವಿಯಮ್ಮ ಸಿಕ್ಕ ಸಿಕ್ಕವರ ಬಾಯಿಗೆ ಕೇಸರಿಬಾತ್ ಇಟ್ಟರು. ಎದುರು ತಂಡದ ಹುಡುಗಿಯರಿಗೂ, ರೆಫರಿಗೂ. ಇನ್ನೂ ಎರಡು ನಿಮಿಷ ಇದೆ ಎಂದು ಸುಶ್ಮಿತಾ ಹೇಳಲು ಬಾಯಿ ತೆರೆದರು, ಆ ಬಾಯಿಗೂ ಕೇಸರಿಬಾತ್ ಬಿತ್ತು. ಗಾಬರಿಯಾದ ದಾವಣಗೆರೆಯ ಹುಡುಗಿಯರು ತಮ್ಮೊಳಗೇ ಏನೋ ಪಿಸುಗುಟ್ಟಿ, ಆಮೇಲೆ ಬಂದು ಅಕ್ಷರಾಳಿಗೆ ಅಭಿನಂದನೆ ಹೇಳಿ ಹೋದರು.

ವಾಪಸು ಬರುವಾಗ ಬಸ್ಸಿನಲ್ಲಿ ಯಾರು ಎಲ್ಲಿ ಬೇಕೋ ಅಲ್ಲಿ ಕೂತರು. ಕ್ಯಾಂಪು ಮುಗಿದದ್ದರಿಂದ ಅಕ್ಷರಾಳೂ ಭಾನುವಾರಕ್ಕೆಂದು ಮನೆಗೆ ಹೊರಟಿದ್ದಳು. ಸೋಮವಾರ ಹದಿನಾರು ಮನೆಗೂ ಸೇರಿಸಿ ಹೊಸ ಅರ್ಜಿ ಕೊಡೋಣ, ನಾಳೆ ನೀನೇ ಬರೆದುಕೊಡಬೇಕು ಎಂದು ರಾಯರು ಅವಳಿಗೆ ಹೇಳಿ, ಮುಂದಿನ ಸೀಟಿಗೆ ಹೋಗಿ ಕಂಡಕ್ಟರನಿಗೆ ಗೆಲುವಿನ ವರದಿ ಒಪ್ಪಿಸತೊಡಗಿದರು. ಅವರ ಬಾಯಲ್ಲಿ ಆ ಎಸೆತ ಆಗಲೇ ಮೈದಾನದ ಈ ತುದಿಯಿಂದ ಆ ತುದಿಯವರೆಗೆ ಬೆಳೆದಿತ್ತು.

ಮಾಚೇನಹಳ್ಳಿ ದಾಟಿದ ಮೇಲೆ ಅಕ್ಷರಾ ಪಕ್ಕದಲ್ಲಿದ್ದ ಅಪ್ಪನ ಕಡೆ ಬಾಗಿದಳು.

"ಅಪ್ಪ, ನಾವು ಸೋತ್ವಿ."

"ಗೊತ್ತು ಪುಟ್ಟಿ. ಮೈದಾನದ ಬೋರ್ಡಲ್ಲಿ ಸ್ಕೋರ್ ನೋಡಿದೆ," ಎಂದರು ಮುರುಗೇಶಪ್ಪನವರು. "ಅವರದ್ದು ಹದಿನೆಂಟು, ನಮ್ಮದು ಆರು."

ಅಪ್ಪ ಒಂದು ಸಂಗತಿಯನ್ನು ಇಷ್ಟು ಸರಿಯಾಗಿ ಹೇಳಿದ್ದು ಕೇಳಿ ಅವಳು ಅವರ ಮುಖ ನೋಡಿದಳು. "ಮತ್ತೆ ಇವರಿಗೆಲ್ಲ ಯಾಕೆ ಹೇಳಲಿಲ್ಲ?"

ಮುರುಗೇಶಪ್ಪನವರು ಬಸ್ಸಿನ ಮುಂದಕ್ಕೂ ಹಿಂದಕ್ಕೂ ಒಮ್ಮೆ ಕಣ್ಣಾಡಿಸಿದರು. ವೀರಮ್ಮ ಸೆಲ್ವಿಯಮ್ಮನ ಹೆಗಲಿಗೆ ಒರಗಿ ತೂಕಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಯಾರೋ ಹಾಡುತ್ತಿದ್ದರು.

"ಏನೋ ಸಿಗುತ್ತೆ ಅಂತ ಬಂದೋರು ಮಗಾ," ಎಂದರು. "ಇಷ್ಟಾದ್ರೂ ತಗೊಂಡು ಹೋಗ್ಲಿ."

ಅಷ್ಟರಲ್ಲಿ ಕಂಡಕ್ಟರು ಸೀಟಿನ ಸಾಲು ದಾಟಿಕೊಂಡು ಬಂದ. ಗೆದ್ದ ಹುಡುಗಿ ಯಾರು ಎಂದು ಕೇಳಿ ಕೈ ಚಾಚಿದ. ಅಕ್ಷರಾ ಎದ್ದು ನಿಂತು, ಕೈ ಕುಲುಕಿ, ಥ್ಯಾಂಕ್ಸ್ ಅಣ್ಣ ಎಂದಳು.